ಪೈಲ್ವಾನನ ಸ್ಟೀರಿಂಗ್ ಚಿಕಿತ್ಸೆ

ಹಲ್ಲಿನ ಡಾಕ್ಟರಿಗೆ ಅಲುಗಾಡುವ ವಸ್ತು ಕಂಡರೆ ಆಗುತ್ತಿರಲಿಲ್ಲ. ಕುರ್ಚಿಯ ಕಾಲು, ಬಾಗಿಲ ಚಿಲಕ, ಎದುರು ಕೂತವರ ದವಡೆ, ಎಲ್ಲವನ್ನೂ ಭದ್ರ ಮಾಡಿದ ಮೇಲೆಯೇ ಅವರು ನೆಮ್ಮದಿಯಾಗಿ ಉಸಿರಾಡುತ್ತಿದ್ದದ್ದು. ಇಂಥವರ ಪಾಲಿಗೆ ಮೈಯೆಲ್ಲ ಅಲುಗಾಡುವ ಕಾರೊಂದು ಬಂದಿತ್ತು.

ಕಾರು ಮಾವನವರದು. ಅವರು ನಿವೃತ್ತ ನ್ಯಾಯಾಧೀಶರು. ಸಾರಿಗೆ ಉಪ್ಪು ಹೆಚ್ಚಾಯಿತೆಂಬುದನ್ನೂ ತೀರ್ಪಿನ ಧಾಟಿಯಲ್ಲೇ ಹೇಳುವವರು. ಪ್ರಾಯದಲ್ಲಿ ಕೊಂಡ ಆ ಹಳೆಯ ಮಸಲ್ ಕಾರನ್ನು ಹಿರಿಯ ಅಳಿಯನ ಸುಪರ್ದಿಗೆ ಒಪ್ಪಿಸಿದ್ದರು. ಅಂಗಳದಷ್ಟು ಅಗಲದ ಬಾನೆಟ್, ಅದರಡಿ ಎಂಟು ಸಿಲಿಂಡರಿನ ಎಂಜಿನ್. ಮನೆಯವರು ಅದನ್ನು ಪೈಲ್ವಾನ ಎನ್ನುತ್ತಿದ್ದರು. ರಟ್ಟೆಯಲ್ಲಿ ಬಲ ಬೇಕಾದಷ್ಟಿತ್ತು, ಹೇಳಿದ್ದು ತಲೆಗೆ ಹೋಗುವುದು ಮಾತ್ರ ನಿಧಾನ. ಸ್ಟೀರಿಂಗನ್ನು ಕಾಲು ಸುತ್ತು ತಿರುಗಿಸಿದರೂ ಚಕ್ರಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಡಾಕ್ಟರು ಅದಕ್ಕೆ ಹೊಂದಿಕೊಂಡಿದ್ದರು. (ಸಂಸಾರಸ್ಥರಿಗೆ ಇದೇನು ಹೊಸ ವಿದ್ಯೆಯಲ್ಲ.) ನೇರ ರಸ್ತೆಯಲ್ಲೂ ಮಜ್ಜಿಗೆ ಕಡೆಯುವವರ ಹಾಗೆ ಸ್ಟೀರಿಂಗನ್ನು ಅತ್ತಿತ್ತ ಆಡಿಸುತ್ತಿದ್ದರು. ಬೀದಿಯ ಕೊನೆಯ ತಿರುವಿಗೆ ದರ್ಜಿಯ ಅಂಗಡಿ ಬಂದಾಗಲೇ ತಿರುಗಿಸಲು ಶುರು ಮಾಡಿದರೆ, ಎರಡು ಅಂಗಡಿ ದಾಟಿದ ಮೇಲೆ ಕಾರು ಸರಿಯಾಗಿ ತಿರುಗುತ್ತಿತ್ತು. ಹೆಂಡತಿ ಒಮ್ಮೆ ತಾನೂ ಓಡಿಸುತ್ತೇನೆ ಎಂದಾಗ, ಇದು ಅನುಭವಿಗಳ ಗಾಡಿ, ನೀನು ನಿನ್ನ ಚಿಕ್ಕ ಕಾರನ್ನೇ ಓಡಿಸಿಕೊಂಡಿರು ಎಂದು ಬಾಯಿ ಮುಚ್ಚಿಸಿದ್ದರು.

ಹೀಗಿರುವಾಗ ಒಂದು ದಿನ ಮಾವನವರು ಹಿಂದಿನ ಸೀಟಿನಲ್ಲಿ ಕೂತು ಬಂದರು. ತಿರುವಿನಲ್ಲಿ ಪೈಲ್ವಾನ ವಾಲಿದ ರಭಸಕ್ಕೆ ಅವರು ಪಕ್ಕದಲ್ಲಿ ಕೂತಿದ್ದ ಅತ್ತೆಯವರ ತೊಡೆಯ ಮೇಲೆ ಮಗುವಿನಂತೆ ಪವಡಿಸಿದರು. ಇಳಿದವರೇ ಕನ್ನಡಕ ಸರಿಪಡಿಸಿಕೊಂಡು ಆಜ್ಞೆ ಹೊರಡಿಸಿದರು: ಬರುವ ತಿಂಗಳು ಮತ್ತೆ ಬರುತ್ತೇನೆ, ಅಷ್ಟರಲ್ಲಿ ಗಾಡಿ ಸರಿಹೋಗದಿದ್ದರೆ ಅದು ಕಿರಿಯ ಅಳಿಯನ ಮನೆಗೆ ಹೋಗುತ್ತದೆ. ಕಾರು ಹೋದರೂ ಡಾಕ್ಟರು ಹೇಗೋ ಸಹಿಸಬಹುದಿತ್ತು. ಅದರಲ್ಲಿ ಷಡ್ಡಕ ಹಾರನ್ ಬಾರಿಸಿಕೊಂಡು ಮನೆ ಮುಂದೆ ಹಾದುಹೋಗುವುದನ್ನು ಈ ಜನ್ಮದಲ್ಲಿ ನೋಡಲಾಗುತ್ತಿರಲಿಲ್ಲ.

ಅಂದಿನಿಂದ ಶಸ್ತ್ರಕ್ರಿಯೆ ಆರಂಭವಾಯಿತು. ಸವೆದ ಸ್ಟೀರಿಂಗ್ ಬಾಕ್ಸನ್ನು ಕಿತ್ತು, ಚುರುಕಾದ ಹೊಸದನ್ನು ಕೂರಿಸಿದರು. ಕಾರು ವಾಲದಂತೆ ಮುಂದಿನ ಚಕ್ರಗಳ ನಡುವೆ ದಪ್ಪ ಸರಳು, ನಾಲ್ಕು ಕಡೆ ಗಟ್ಟಿ ಸ್ಪ್ರಿಂಗು, ಅಗಲವಾದ ಟೈರು. ಡಾಕ್ಟರು ಕಾರಿನಡಿ ಮಲಗಿ ಕೈ ಚಾಚಿದರೆ ಹೆಂಡತಿ ಸ್ಪ್ಯಾನರ್ ಕೊಡಬೇಕು. ತಪ್ಪಿದ್ದನ್ನು ಕೊಟ್ಟರೆ ಅಡಿಯಿಂದ ಗೊಣಗಾಟ, ಸರಿಯಾದದ್ದನ್ನು ಕೊಟ್ಟರೆ ಮೌನ. ಮಾವನವರು ಬರುವ ದಿನ ಬೆಳಿಗ್ಗೆ ಕೊನೆಯ ನಟ್ಟು ಬಿಗಿಯಾಯಿತು.

"ರೀ, ಅಪ್ಪ ಬರೋಕ್ಮುಂಚೆ ಒಂದು ಸುತ್ತು ಓಡಿಸಿ ನೋಡಿ," ಎಂದಳು ಹೆಂಡತಿ.

"ಈ ಗಾಡಿ ನನಗೆ ಕರತಲಾಮಲಕ ಕಣೇ. ಕಣ್ಣು ಮುಚ್ಕೊಂಡು ಓಡಿಸ್ತೀನಿ."

"ಕಣ್ಣು ಬಿಟ್ಕೊಂಡೇ ಓಡಿಸಿ, ಸಾಕು."

ಮಾವನವರು ಬಂದು ಮುಂದಿನ ಸೀಟಿನಲ್ಲಿ ಆಸೀನರಾದರು. ಹೆಂಡತಿ ಹಿಂದೆ ಕೂತಳು. ಪೈಲ್ವಾನ ಗುಡುಗಿ ಗೇಟು ದಾಟಿದ. ಡಾಕ್ಟರ ಕೈಗಳು ರೂಢಿಯಂತೆ ಮಜ್ಜಿಗೆ ಕಡೆಯತೊಡಗಿದವು. ಆದರೆ ಈಗ ಹೇಳಿದ ಮಾತನ್ನು ತಕ್ಷಣ ಕೇಳುವ ಕಾರು. ಕೈ ಎಡಕ್ಕೆ ಹೋದರೆ ಅದೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನೆಟ್ಟಗಿನ ಬೀದಿಯಲ್ಲಿ ಹಾವಿನಂತೆ ಹರಿದು ಬರುತ್ತಿದ್ದ ಕಾರನ್ನು ಕಂಡು ಹಾಲಿನವನು ಸೈಕಲ್ ಸಮೇತ ಚರಂಡಿಯ ಆಚೆಗೆ ನೆಗೆದ. ಅಷ್ಟರಲ್ಲಿ ದರ್ಜಿಯ ಅಂಗಡಿ ಬಂತು. ಡಾಕ್ಟರು ನಿಷ್ಠೆಯಿಂದ ಪೂರ್ತಿ ತಿರುಗಿಸಿದರು. ಪೈಲ್ವಾನನೂ ಅಷ್ಟೇ ನಿಷ್ಠೆಯಿಂದ ಫುಟ್‌ಪಾತ್ ಹತ್ತಿ, ತೂಗುಹಾಕಿದ್ದ ಅಂಗಿಗಳ ನಡುವೆ ಮೂಗು ತೂರಿಸಿ ನಿಂತ.

ಯಾರಿಗೂ ಪೆಟ್ಟಾಗಲಿಲ್ಲ. ದರ್ಜಿ ಅಳತೆ ಪಟ್ಟಿ ಹಿಡಿದುಕೊಂಡೇ ಹೊರಬಂದು ಬಾನೆಟ್ಟನ್ನೊಮ್ಮೆ ನೋಡಿ, ಹೊಲಿಯಲು ಏನಾದರೂ ಇದೆಯೇ ಎಂದು ವಿಚಾರಿಸಿದ. ಡಾಕ್ಟರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕಣ್ಣ ಮುಂದೆ ಷಡ್ಡಕ ಹಾರನ್ ಬಾರಿಸುತ್ತಿದ್ದ.

"ಮಾವ, ಸ್ಟೀರಿಂಗಲ್ಲಿ ಇನ್ನೂ ಸ್ವಲ್ಪ ದೋಷ ಇದೆ ಅನ್ಸುತ್ತೆ," ಎಂದರು ಕ್ಷೀಣವಾಗಿ.

ಮಾವನವರು ವಿಂಡ್‌ಸ್ಕ್ರೀನಿನ ಮೇಲೆ ಬಿದ್ದಿದ್ದ ಅಂಗಿಯ ತೋಳನ್ನೇ ದಿಟ್ಟಿಸಿದರು. "ನೀವು ತಿರುಗಿಸಿದ ಕಡೆಗೇ ತಿರುಗಿದೆ, ಅಳಿಯಂದ್ರೇ. ಗಾಡಿ ನಿರಪರಾಧಿ."

ಆಮೇಲೆ ಹಿಂದಕ್ಕೆ ತಿರುಗಿ ಮಗಳಿಗೆ ಮುಂದೆ ಬರಲು ಹೇಳಿದರು. ಅವಳು ಸೀಟನ್ನು ಹತ್ತಿರಕ್ಕೆ ಎಳೆದುಕೊಂಡು, ಅಂಗಿಗಳಿಂದ ಕಾರನ್ನು ನಾಜೂಕಾಗಿ ಬಿಡಿಸಿ ಹೊರಟಳು. ಅವಳ ಕೈಗೆ ಹಳೆಯ ರೋಗ ಗೊತ್ತೇ ಇರಲಿಲ್ಲ. ತಿರುವು ಬಂದಾಗ ತಿರುಗಿಸಿದಳು, ಉಳಿದಂತೆ ಸುಮ್ಮನಿದ್ದಳು. ಪೈಲ್ವಾನ ದಾರ ಹಿಡಿದು ಗೆರೆ ಎಳೆದಂತೆ ಸಾಗಿದ. ಹಿಂದಿನ ಸೀಟಿನಲ್ಲಿ ಮುದುಡಿ ಕೂತ ಡಾಕ್ಟರಿಗೆ, ಹೊಟ್ಟೆ ಉರಿಯುತ್ತಿದ್ದರೂ, ತನ್ನ ಕೈಕೆಲಸ ಇಷ್ಟು ಚೆನ್ನಾಗಿದೆಯೇ ಎಂದು ಹೆಮ್ಮೆಯೂ ಆಯಿತು.

"ಸ್ಟೀರಿಂಗ್ ಬೆಣ್ಣೆ ಥರ ಇದೆ ಕಣ್ರೀ," ಎಂದಳು ಹೆಂಡತಿ. ಮದುವೆಯಾದ ಮೇಲೆ ಅವರ ರಿಪೇರಿಗೆ ಸಿಕ್ಕ ಮೊದಲ ಪ್ರಶಸ್ತಿ ಅದು.

ಮನೆ ತಲುಪಿದ ಮೇಲೆ ತೀರ್ಪು ಹೊರಬಿತ್ತು. ಕಾರು ಇದೇ ಮನೆಯಲ್ಲಿರತಕ್ಕದ್ದು, ಕೀ ಮಗಳ ಬಳಿ ಇರತಕ್ಕದ್ದು, ಮೇಲ್ಮನವಿಗೆ ಅವಕಾಶವಿಲ್ಲ. ಷಡ್ಡಕನ ಕಂಟಕ ತಪ್ಪಿತಲ್ಲ ಎಂದು ಡಾಕ್ಟರು ಎದೆ ಸವರಿಕೊಂಡರು. ದೊಡ್ಡದು ಹೋದರೇನು, ಇನ್ನು ಮೇಲೆ ಕ್ಲಿನಿಕ್ಕಿಗೆ ಹೆಂಡತಿಯ ಚಿಕ್ಕ ಕಾರಿನಲ್ಲೇ ಹೋದರಾಯಿತು ಎಂದು ಅದರ ಕೀಗೆ ಕೈ ಚಾಚಿದರು.

ಹೆಂಡತಿ ಎರಡು ಕೀಗಳನ್ನೂ ಕೈಚೀಲಕ್ಕೆ ಹಾಕಿಕೊಂಡಳು. "ಮೊದಲು ಆ ಕೈ ಅಲ್ಲಾಡೋದು ನಿಲ್ಲಲಿ, ಆಮೇಲೆ ನೋಡೋಣ."