ಥಾಯಿ ಭಾಷೆ ಬಲ್ಲವನ ಪ್ರವಾಸ

ಮಾಸ್ತರಿಕೆಯಲ್ಲಿ ಒಂದು ರೋಗವಿದೆ. ಹತ್ತು ಹದಿನೈದು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ ಅದು ಅಂಟದೆ ಬಿಡುವುದಿಲ್ಲ. ಯಾರು ಏನು ಕೇಳಿದರೂ ಉತ್ತರ ಹೇಳಿಬಿಡುವುದೇ ಆ ರೋಗ. ನಾನು ಭೂಗೋಳದ ಮಾಸ್ತರ. ಹಾನಗಲ್ಲಿನಲ್ಲಿ ಮನೆ, ಅಕ್ಕಿಆಲೂರಿನ ಹೈಸ್ಕೂಲಿನಲ್ಲಿ ನೌಕರಿ. ದಿನಾ ಬಸ್ಸಿನಲ್ಲಿ ಹೋಗಿಬರುವ ಆ ಒಂದು ದಾರಿ ಬಿಟ್ಟರೆ ಪ್ರಪಂಚದ ಯಾವ ದಾರಿಯೂ ನನಗೆ ಸರಿಯಾಗಿ ತಿಳಿಯದು. ಹುಬ್ಬಳ್ಳಿಯಲ್ಲಿ ರೈಲು ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಬರಲು ಮೂವರನ್ನು ಕೇಳುತ್ತೇನೆ. ಅಮೆಜಾನ್ ನದಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆಂದು ಮಾತ್ರ ಕಣ್ಣು ಮುಚ್ಚಿ ಹೇಳಬಲ್ಲೆ. ಅಡುಗೆಮನೆಯಿಂದ ಹೆಂಡತಿ “ಸಾಸಿವಿ ಡಬ್ಬಿ ಎಲ್ಲೈತಿ?” ಎಂದು ತನ್ನಷ್ಟಕ್ಕೆ ಗೊಣಗಿಕೊಂಡರೂ, ಪೇಪರಿನಿಂದ ತಲೆ ಎತ್ತದೆ “ಎಡಕ್ಕ, ಎಣ್ಣಿ ಗಿಂಡಿ ಹಿಂದ” ಎನ್ನುತ್ತೇನೆ. ಅಲ್ಲಿ ಅದು ಇರುವುದಿಲ್ಲ. ಇಂಥ ಉತ್ತರಗಳಿಂದ ಒಂದು ಒಗ್ಗರಣೆ ತಡವಾದೀತೇ ಹೊರತು ಯಾರ ಮನೆಯೂ ಮುಳುಗುವುದಿಲ್ಲ ಎಂದುಕೊಂಡಿದ್ದೆ.

ನಮ್ಮ ಶಾಲೆಯ ಹಿಂದಿನ ಅಕ್ಕಿ ಗಿರಣಿಯಲ್ಲಿ ಫಕೀರಪ್ಪ ಎಂಬ ಮೆಕ್ಯಾನಿಕ್ ಇದ್ದ. ಮಾತು ಕಡಿಮೆ, ಕೈ ಚುರುಕು. ಅವನ ತಂದೆ ಇದ್ದಾಗಲೇ ಆ ಮನೆಯವರೆಲ್ಲ ಬೌದ್ಧರಾಗಿದ್ದರು. ಹೊಸ ಹೆಸರುಗಳು ಮಾತ್ರ ಆ ಮನೆಯಲ್ಲಿ ನಿಲ್ಲಲಿಲ್ಲ, ತಾಯಿಯೂ ದುರ್ಗವ್ವನಾಗಿಯೇ ಉಳಿದಿದ್ದಳು. “ಹೆಸರು ಬದಲ ಮಾಡಿದ್ರ, ಕರೆದಾಗ ನಂಗ ತಿಳೀಬೇಕಲ್ಲ” ಎನ್ನುತ್ತಿದ್ದಳು. ಹಿರಿಯ ಮಗ ನಿಂಗಪ್ಪ ಒಬ್ಬ ಭಿಕ್ಷುವಿನ ಬೆನ್ನು ಹತ್ತಿ ನಾಗಪುರಕ್ಕೆ ಹೋಗಿ, ಅಲ್ಲಿಂದ ಥೈಲ್ಯಾಂಡಿಗೆ ಹೋಗಿ, ತಾನೂ ಭಿಕ್ಷುವಾಗಿದ್ದ. ವರ್ಷಕ್ಕೆ ಎರಡು ಸಲ ಕನ್ನಡದಲ್ಲಿ ಅವನ ಕಾಗದ ಬರುತ್ತಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ವರ್ಷವಿಡೀ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ತಾಯಿ ಮಗ ಇಬ್ಬರೂ ಒಂದು ಲಕೋಟೆ ಹಿಡಿದು ಶಾಲೆಗೇ ಬಂದರು.

“ಮಾಸ್ತರ್ರ, ಇದು ಯಾವ ಭಾಷಾರಿ?” ಎಂದ ಫಕೀರಪ್ಪ. “ನಮಗ ತಿಳೀವಲ್ದು. ನೀವು ದೇಶ ದೇಶದ ವಿಷಯ ಕಲಸಾವ್ರು, ಓದಿ ಹೇಳ್ರಿ.”

ಒಳಗೆ ಒಂದೇ ಹಾಳೆ. ಗುಂಡಗಿನ ಅಕ್ಷರಗಳು, ಅಕ್ಷರಕ್ಕೊಂದು ಬಾಲ, ಕೆಳಗೆ ಕೆಂಪು ಮುದ್ರೆ. “ಇದು ಥಾಯಿ ಭಾಷಾ” ಎಂದೆ. ಅದು ನಿಜ. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಪಕ್ಕದಲ್ಲಿ ಗಣಿತದ ಮಾಸ್ತರರು ನಿಂತಿದ್ದರು, ಮುಂದೆ ದುರ್ಗವ್ವ ಸೆರಗಿನ ತುದಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು. ಕೆಂಪು ಮುದ್ರೆ ಯಾಕೋ ನನಗೆ ಮಂಗಳಕರವಾಗಿ ಕಂಡಿತು. “ಆರಾಮ ಅದಾರಂತ ಯವ್ವಾ. ದೊಡ್ಡ ಮಠದಾಗ ದೊಡ್ಡ ಜವಾಬ್ದಾರಿ ಬಂದೈತಂತ. ಅದಕ್ಕ ಮತ್ತೊಬ್ಬರ ಕಡೆ ಬರಸ್ಯಾರ” ಎಂದೆ. ಬರವಣಿಗೆ ಬೇರೆಯವರದಾಗಿದ್ದಕ್ಕೂ ಕಾರಣ ಒದಗಿಸಿದೆನಲ್ಲ ಎಂದು ಆಗ ನನಗೆ ನನ್ನ ಮೇಲೆ ಅಭಿಮಾನವೇ ಉಂಟಾಯಿತು. ದುರ್ಗವ್ವ ಹಾಳೆಯ ಮೇಲೆ ಬಗ್ಗಿ, “ಆರಾಮ ಅದಾನ ಅಂತ ಎಲ್ಲಿ ಬರದೈತ್ರಿ?” ಎಂದಳು. ನಾನು ಮೂರನೆಯ ಸಾಲಿನ ಮೇಲೆ ಬೆರಳಿಟ್ಟೆ. ಅಂದು ಸಂಜೆ ಆಕೆ ಓಣಿಯ ತುಂಬ ಸಕ್ಕರೆ ಹಂಚಿದಳು. ನಮ್ಮ ಸ್ಟಾಫ್ ರೂಮಿಗೂ ಒಂದು ಪೊಟ್ಟಣ ಬಂತು. ಎಲ್ಲರ ಜೊತೆ ನಾನೂ ತಿಂದೆ.

ಆಮೇಲೆ ಫಕೀರಪ್ಪ ಹಳೆಯ ವಿಳಾಸಕ್ಕೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ದುರ್ಗವ್ವ ದಾರಿಯಲ್ಲಿ ಸಿಕ್ಕಾಗಲೆಲ್ಲ ನಾನು ಆ ಜವಾಬ್ದಾರಿಯನ್ನು ಇನ್ನಷ್ಟು ದೊಡ್ಡದು ಮಾಡುತ್ತ ಹೋದೆ. ಕೊನೆಗೆ ಆಕೆ, “ಅಂವಗ ಬರಾಕ ಬಿಡುವಿಲ್ಲ ಅಂದ್ರ ನೀನ ಹೋಗಿ ನೋಡಿ ಬಾ” ಎಂದು ಕಿರಿಯ ಮಗನ ಹತ್ತಿರ ಹಟ ಹಿಡಿದಳು. “ಮಾಸ್ತರ್ರನ್ನ ಕರಕೊಂಡು ಹೋಗು, ಅವ್ರಿಗೆ ಆ ದೇಶದ ಮಾತು ಬರ್ತೈತಿ.” ನಾನು ತಪ್ಪಿಸಿಕೊಳ್ಳಲು ನೋಡಿದೆ. ಪಾಸ್‌ಪೋರ್ಟು ಬರಲಾರದು ಎಂದು ನಂಬಿದ್ದೆ. ಎರಡು ವರ್ಷ ಓಡಾಡಿ ಫಕೀರಪ್ಪ ಅದನ್ನೂ ತಂದ. ನನ್ನ ಹೆಂಡತಿ ಅಡ್ಡ ಬಂದಾಳು ಎಂಬ ಕೊನೆಯ ಆಸೆಯೊಂದಿತ್ತು. ಆಕೆ ರೊಟ್ಟಿ ಕಟ್ಟುತ್ತ, “ಹೋಗಿ ಬರ್ರಿ. ಅಲ್ಲೆರೆ ಯಾರರೆ ನಿಮ್ಮನ್ನ ಪರೀಕ್ಷಾ ಮಾಡ್ಲಿ” ಎಂದಳು. ದುರ್ಗವ್ವ ಆ ಕಾಗದವನ್ನು ಮಾತ್ರ ಕೊಡಲಿಲ್ಲ. ವಿಳಾಸಕ್ಕೆಂದು ಲಕೋಟೆಯಷ್ಟನ್ನೇ ಕೊಟ್ಟಳು. ನನಗೆ ಎಷ್ಟು ಸಮಾಧಾನವಾಯಿತೆಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಬೇಸಿಗೆ ರಜೆ ಬೀಳುತ್ತಲೇ ಹೊರಟೆವು. ಸವಣೂರಿನ ದರ್ಜಿಯೊಬ್ಬ ಲಾರಿಗೆ ಹೊದಿಸುವ ಹಳೆಯ ತಾಡಪತ್ರಿಯಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಎರಡು ಚೀಲ ಹೊಲಿದುಕೊಟ್ಟಿದ್ದ. ನನ್ನ ಚೀಲದ ಒಂದು ಪಟ್ಟಿ ಗಿಡ್ಡವಾಗಿತ್ತು. ಹೀಗಾಗಿ ಪರದೇಶದಲ್ಲಿ ನಾನು ನಡೆದದ್ದೆಲ್ಲ ಬಲಕ್ಕೆ ವಾಲಿಕೊಂಡೇ. ಮದ್ರಾಸಿನಿಂದ ಹಡಗು. ಬಂಗಾಳ ಉಪಸಾಗರದ ವಿಸ್ತಾರವನ್ನು ಮಕ್ಕಳಿಗೆ ಗಟ್ಟಿಯಾಗಿ ಹೇಳಿಕೊಡುತ್ತಿದ್ದವನು ಅದರ ಮೇಲೆ ಎಂಟು ದಿನ ಬಗ್ಗಿಕೊಂಡೇ ಕಳೆದೆ. ಫಕೀರಪ್ಪ ನನ್ನ ಬೆನ್ನು ಸವರುತ್ತಿದ್ದ. ಪೆನಾಂಗಿನಲ್ಲಿ ಇಳಿದು ರೈಲು ಹಿಡಿದು ಗಡಿ ದಾಟಿದ ಮೇಲೆ ಮೊದಲ ದೊಡ್ಡ ಸ್ಟೇಷನ್ನಿನಲ್ಲಿ ಅವನು ಲಕೋಟೆಯನ್ನು ನನ್ನ ಕೈಗಿತ್ತು, “ಕೇಳ್ರಿ ಮಾಸ್ತರ್ರ” ಎಂದ.

ಟಿಕೆಟ್ ಕೊಡುವವನ ಮುಂದೆ ನಿಂತು ನಾನು ಅರ್ಧ ಇಂಗ್ಲಿಷು, ಅರ್ಧ ಸಂಸ್ಕೃತ ಸೇರಿಸಿ ಏನೋ ಒಂದು ಹೇಳಿದೆ. ಅವನು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟ. “ಇದು ದಕ್ಷಿಣದ ಥಾಯಿ. ಉತ್ತರಕ್ಕ ಹೋದ್ರ ನನಗ ತಿಳೀತೈತಿ” ಎಂದೆ. ಫಕೀರಪ್ಪ ನನ್ನ ಕೈಯಿಂದ ಲಕೋಟೆ ತೆಗೆದುಕೊಂಡು ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅಂದಿನಿಂದ ಅವನೇ ಕೈಸನ್ನೆ ಮಾಡಿ, ನೆಲದ ಮೇಲೆ ಚಿತ್ರ ಬರೆದು ದಾರಿ ಕೇಳತೊಡಗಿದ. ಗಿರಣಿಯಲ್ಲಿ ಯಂತ್ರದ ಜೊತೆ ಬದುಕಿದವನಿಗೆ ಮಾತಿಲ್ಲದೆ ಕೆಲಸ ತೆಗೆಯುವುದು ಗೊತ್ತಿತ್ತು.

ಮೂರು ವಾರ ಹೀಗೆ ತಿರುಗಿದೆವು. ಮೂರನೇ ದರ್ಜೆಯ ಮರದ ಬೆಂಚು, ತರಕಾರಿ ಲಾರಿ, ವಿಹಾರಗಳ ಚಾಪೆ. ಲಕೋಟೆಯ ಮೇಲಿನ ಊರಿನ ಹೆಸರು ಮಳೆಗೆ ಸಿಕ್ಕು ಅರ್ಧ ಅಳಿಸಿತ್ತು. ಒಂದು ವಿಹಾರದವರು ಇನ್ನೊಂದಕ್ಕೆ ಕಳಿಸುತ್ತಿದ್ದರು. ವಿಹಾರದಲ್ಲಿ ಮಧ್ಯಾಹ್ನವಾದ ಮೇಲೆ ಊಟವಿಲ್ಲ. ಬುದ್ಧನ ಮೇಲೆ ನನಗೆ ಬಾಲ್ಯದಿಂದಲೂ ಗೌರವ, ಆದರೆ ಸಂಜೆ ಐದರ ಹೊತ್ತಿಗೆ ಆ ಗೌರವ ಸ್ವಲ್ಪ ತಗ್ಗುತ್ತಿತ್ತು. ದೊಡ್ಡ ದೊಡ್ಡ ಚೀಲ ಹೊತ್ತ ಬಿಳಿಯ ಹುಡುಗ ಹುಡುಗಿಯರು ಅಲ್ಲಲ್ಲಿ ಸಿಗುತ್ತಿದ್ದರು. ನಮ್ಮನ್ನೂ ತಮ್ಮಂತೆ ದೇಶ ನೋಡಲು ಹೊರಟವರೆಂದುಕೊಂಡು ನಗುತ್ತಿದ್ದರು. ನಾನೂ ಹೌದೆಂಬಂತೆ ನಕ್ಕು ಚೀಲ ಸರಿಮಾಡಿಕೊಳ್ಳುತ್ತಿದ್ದೆ. ಫಕೀರಪ್ಪ ಮಾತ್ರ ಬೀದಿಯಲ್ಲಿ ಯಾವ ಕಾವಿ ಬಟ್ಟೆ ಕಂಡರೂ ಹತ್ತಿರ ಹೋಗಿ ಮುಖ ನೋಡಿ ಬರುತ್ತಿದ್ದ.

ಕೊನೆಗೆ ಈಶಾನ್ಯದ ಒಂದು ಊರು ಸಿಕ್ಕಿತು. ಸುತ್ತ ಭತ್ತದ ಗದ್ದೆ, ಗದ್ದೆಯಲ್ಲಿ ಎಮ್ಮೆ, ಊರಾಚೆ ಅಕ್ಕಿ ಗಿರಣಿ. ಸಂತೆಪೇಟೆಯಲ್ಲಿ ಪಂಜಾಬಿ ಬಟ್ಟೆ ವ್ಯಾಪಾರಿಯೊಬ್ಬರಿದ್ದರು. ಫಕೀರಪ್ಪನಿಗೆ ಗಿರಣಿಯ ಹಮಾಲರಿಂದ ಕಲಿತ ಹಿಂದಿ ಬರುತ್ತಿತ್ತು. ಆ ಪುಣ್ಯಾತ್ಮರು ಅಂಗಡಿ ಬಿಟ್ಟು ನಮ್ಮೊಡನೆ ವಿಹಾರಕ್ಕೆ ಬಂದರು. ಮುದುಕ ಗುರುಗಳು ಲಕೋಟೆ ನೋಡಿ ಎದ್ದು ನಮ್ಮನ್ನು ಹಿಂದಿನ ಗೋಡೆಯ ಕಡೆ ಕರೆದೊಯ್ದರು. ಗೋಡೆಯಲ್ಲಿ ಒಂದು ಸಣ್ಣ ಗೂಡು, ಅದನ್ನು ಮುಚ್ಚಿದ ಕಲ್ಲಿನ ಮೇಲೆ ಆ ಬಾಲದ ಅಕ್ಷರಗಳು. ಮಳೆಗಾಲದಲ್ಲಿ ಜ್ವರ ಬಂತು, ಆರು ದಿನವಿತ್ತು, ಹೋದರು, ಬೂದಿ ಇದರೊಳಗಿದೆ ಎಂದು ವ್ಯಾಪಾರಿ ತಗ್ಗಿದ ದನಿಯಲ್ಲಿ ಹೇಳಿದರು. “ಮನೆಗೆ ಆಗಲೇ ಕಾಗದ ಬರೆದಿದ್ದರಂತೆ, ಮುದ್ರೆ ಹಾಕಿ. ನಿಮಗೆ ಮುಟ್ಟಲಿಲ್ಲವೇ ಎಂದು ಕೇಳುತ್ತಿದ್ದಾರೆ.”

ಯಾವಾಗ ಎಂದು ಫಕೀರಪ್ಪ ಕೇಳಿದ. ಅವರು ಹೇಳಿದರು. ಅವನು ಆ ಕಲ್ಲನ್ನೇ ನೋಡುತ್ತ, “ಸಕ್ಕರಿ ಹಂಚಿದ ವರ್ಷ” ಎಂದ. ನನ್ನ ಕಡೆ ತಿರುಗಲೂ ಇಲ್ಲ.

ಅಲ್ಲಿ ಏಳು ದಿನ ಇದ್ದೆವು. ಅವನು ವಿಹಾರದ ಕೆಟ್ಟ ಪಂಪು ಬಿಚ್ಚಿ ಕುಳಿತ. ನನಗೆ ಬರುವ ಕೆಲಸ ಯಾವುದೂ ಅಲ್ಲಿರಲಿಲ್ಲವಾದ್ದರಿಂದ ಅಂಗಳದ ಎಲೆ ಗುಡಿಸಿದೆ. ಕ್ಷಮೆ ಕೇಳಬೇಕೆಂದು ದಿನಕ್ಕೆ ನಾಲ್ಕು ಸಲ ಅವನ ಹತ್ತಿರ ಹೋಗುತ್ತಿದ್ದೆ. ಅವನು “ಪಾನಾ ಕೊಡ್ರಿ” ಎನ್ನುತ್ತಿದ್ದ. ನಾನು ತಪ್ಪು ಅಳತೆಯ ಸ್ಪ್ಯಾನರು ಕೊಡುತ್ತಿದ್ದೆ. ಮೂರನೆಯ ದಿನ “ಫಕೀರಪ್ಪಾ, ನಂಗ ಅವತ್ತು ಒಂದಕ್ಷರ ತಿಳಿದಿರಲಿಲ್ಲೋ” ಎಂದೆ. “ಸ್ಟೇಷನ್ನಿನ್ಯಾಗ ನೀರು ಕೊಟ್ರಲ್ರಿ, ಆವಾಗ ನಂಗ ತಿಳೀತು” ಎಂದ. ಆ ಅನುಮಾನವನ್ನು ಎದೆಯಲ್ಲಿಟ್ಟುಕೊಂಡು ಅವನು ಮೂರು ವಾರ ನನ್ನೊಡನೆ ತಿರುಗಿದ್ದ. ಅಷ್ಟು ದಿನವೂ ತನ್ನ ಪಾಲಿನ ಬಾಳೆಹಣ್ಣನ್ನು ಸಂಜೆಗೆಂದು ನನಗೆ ತೆಗೆದಿಟ್ಟಿದ್ದ. ಹೊರಡುವ ದಿನ ಒಂದೇ ಮಾತು ಹೇಳಿದ: “ಅವ್ವಗ ನೀವ ಹೇಳ್ರಿ.”

ಊರಿಗೆ ಬಂದ ದಿನವೇ ಹೇಳಿದೆ. ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ ಎಂದು ಸಿದ್ಧನಾಗಿದ್ದೆ. ದುರ್ಗವ್ವ ಎರಡನ್ನೂ ಮಾಡಲಿಲ್ಲ. ಎದ್ದು ಹೋಗಿ ಬುದ್ಧನ ಪಟದ ಹಿಂದಿನಿಂದ ಆ ಕಾಗದ ತಂದು ನನ್ನ ಮುಂದೆ ಬಿಡಿಸಿದಳು. ಮೂರನೆಯ ಸಾಲು ಮುಕ್ಕಾಲು ಅಳಿಸಿಹೋಗಿತ್ತು. ದಿನಾ ಬೆಳಿಗ್ಗೆ ಆ ಸಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳಂತೆ. “ಹಂಗಾರ ಇಲ್ಲಿ ಏನು ಬರದೈತ್ರಿ?” ಎಂದಳು.

ಆಕೆ ಕಾಗದ ಮಡಚಿಟ್ಟು ಆ ಊರು ಹೆಂಗೈತಿ ಎಂದು ಕೇಳಿದಳು. ಭತ್ತ ಬೆಳೆಯುತ್ತಾರೆ ಎಂದೆ. ಆಕೆ ಮಗನ ಕಡೆ ತಿರುಗಿ, “ಹೌದೇನೋ?” ಎಂದಳು. “ಹೌದ ಯವ್ವಾ” ಎಂದ ಫಕೀರಪ್ಪ. ಗುರುಗಳು ಒಳ್ಳೆಯವರು ಎಂದೆ. “ಹೌದೇನೋ?” “ಹೌದ ಯವ್ವಾ.” ನನ್ನ ಪ್ರತಿ ಮಾತಿಗೂ ಹೀಗೆ ಮಗನ ರುಜು ಬೀಳಬೇಕಿತ್ತು. ಕೊನೆಗೆ ದುರ್ಗವ್ವ ಕೇಳಿದಳು: “ಜ್ವರ ಬಂದಾಗ ನನ್ನ ನೆನೆಸಿದ್ನಂತೇನ್ರಿ?”

ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ. ನಾಲ್ಕು ಸಾವಿರ ಮೈಲಿ ತಿರುಗಿ ಬಂದವನ ಬಾಯಿ ಆದರೂ ತಾನಾಗಿಯೇ ತೆರೆಯಿತು. “ನೆನೆಸಿದ್ರಂತ ಯವ್ವಾ. ಅವ್ವಾ ಅಂದ್ರಂತ.”

ಆಕೆ ಮಗನ ಕಡೆ ತಿರುಗಿದಳು. ಅವನು ಹುಟ್ಟಿದಂದಿನಿಂದ ತಾಯಿಯ ಮುಂದೆ ಸುಳ್ಳಾಡಿದವನಲ್ಲ. ನನ್ನನ್ನು ಒಮ್ಮೆ ನೋಡಿದ, ನೆಲವನ್ನು ಒಮ್ಮೆ ನೋಡಿದ. “ಹೌದ ಯವ್ವಾ” ಎಂದ. ದುರ್ಗವ್ವ ಆಗ ಅಳತೊಡಗಿದಳು.

ಅವನು ಬಸ್ ಸ್ಟ್ಯಾಂಡಿನವರೆಗೂ ನನ್ನ ಜೊತೆ ಬಂದ. ಇನ್ನು ಮೇಲೆ ಮನೆಗೆ ಬರಬ್ಯಾಡ್ರಿ ಎನ್ನುತ್ತಾನೆಂದು ಕಾಯುತ್ತಿದ್ದೆ. ಹಾನಗಲ್ಲಿನ ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವನು ಬಾಗಿಲ ಸರಳು ಹಿಡಿದುಕೊಂಡು, “ಮಾಸ್ತರ್ರ, ಅಣ್ಣ ಖರೇನ ಅವ್ವನ್ನ ನೆನೆಸಿರಬೇಕಲ್ರಿ?” ಎಂದ.

ಇಷ್ಟೆಲ್ಲ ಆದ ಮೇಲೂ ಅವನು ಕೇಳುತ್ತಿದ್ದುದು ನನ್ನನ್ನೇ. ನೆನೆಸಿರತಾರ, ನೆನೆಸದ ಇರತಾರೇನು ಎಂದೆ. ಅವನು ನಂಬಿದ. ಬಸ್ಸು ಹೊರಟ ಮೇಲೆ ಕಂಡಕ್ಟರು ಎಲ್ಲಿಗೆ ಎಂದು ಎರಡು ಸಲ ಕೇಳಿದನಂತೆ. ಅದೊಂದು ಪ್ರಶ್ನೆಗೆ ಮಾತ್ರ ನನ್ನಿಂದ ಉತ್ತರ ಬರಲಿಲ್ಲ.