ಮೀನು ತಿನ್ನದವನ ಮೀನು ಬೋಟು

ಕೆಲವರ ಮನೆಗೆ ಹೋದರೆ ಬರೀ ಕಾಫಿ ಸಿಗುತ್ತದೆ. ಅಮೆರಿಕದ ಸಮರ್‌ಸೆಟ್‌ನಲ್ಲಿದ್ದ ನನ್ನ ಮೈಸೂರು ಗೆಳೆಯನ ಮನೆಗೆ ಹೋದರೆ ಕಾಫಿಯ ಜೊತೆ ಏನಾದರೊಂದು ಫಜೀತಿಯೂ ಗ್ಯಾರಂಟಿ. ಎಂಬತ್ತರ ದಶಕದ ಕೊನೆಯಲ್ಲಿ ಅವನು ಹಳೇ ಬೋಟೊಂದನ್ನು ಕೊಂಡ ಮೇಲಂತೂ ಕೇಳಲೇಬೇಡಿ.

೧. ವ್ಯಾಪಾರ

ಅದೊಂದು ಮರದ ಪುಟ್ಟ ಮೀನು ಬೋಟು. ಮಾರುತ್ತಿದ್ದ ಮುದುಕ, "ಯಾವ ಮೀನು ಹಿಡಿಯುತ್ತೀರಿ?" ಅಂತ ಕೇಳಿದ. ಗೆಳೆಯ, "ನಾವು ವೆಜಿಟೇರಿಯನ್" ಅಂದ. ಮುದುಕ ನನ್ನ ಮುಖ ನೋಡಿದ. ನಾನೂ ಅದೇ ಅಂದೆ.

ಪಾಪ, ಗೆಳೆಯ ಮನಸೋತಿದ್ದು ಎಂಜಿನ್‌ಗೆ. "ಬ್ಯಾಟರಿ ಇಗ್ನಿಷನ್ ಕಣೋ! ಬ್ಯಾಟರಿಯಿಂದ ಕಾಯಿಲ್‌ಗೆ ಕರೆಂಟು, ಪಾಯಿಂಟು ಅನ್ನೋ ಎರಡು ಲೋಹದ ತುದಿ ಬಿಟ್ಟುಕೊಂಡಾಗ ಪ್ಲಗ್‌ನಲ್ಲಿ ಕಿಡಿ. ಎಷ್ಟು ಸಿಂಪಲ್ ನೋಡು."

ಅವನ ಹೆಂಡತಿಯ ಷರತ್ತು ಇನ್ನೂ ಸಿಂಪಲ್. "ಮುಂದಿನ ಬೇಸಿಗೆ ಮುಗಿಯೋದ್ರೊಳಗೆ ನನ್ನನ್ನ ಒಂದು ಸಲ ಕೂರಿಸ್ಕೊಂಡು ಹೋಗಿ, ಇದೇ ಎಂಜಿನ್‌ನಲ್ಲಿ ವಾಪಸ್ ಕರ್ಕೊಂಡು ಬನ್ನಿ. ಆಗ್ಲಿಲ್ಲ ಅಂದ್ರೆ ಮಾರಿಬಿಡಿ. ಹೋಗೋದು ದೊಡ್ಡದಲ್ಲ ರೀ, ಬರೋದು."

೨. ಬ್ಯಾಟರಿ ಎಲ್ಲಿ?

ಚಳಿಗಾಲ ಬಂತು. ಬೋಟಿನ ಬ್ಯಾಟರಿ ಬೆಚ್ಚಗಿರಲಿ ಅಂತ ಗೆಳೆಯ ಮನೆಗೆ ತಂದಿಟ್ಟ. ಒಂದು ದಿನ ಸ್ನೋ ಬಿದ್ದಾಗ ಹೆಂಡತಿಯ ಕಾರಿನ ಬ್ಯಾಟರಿ ಕೈಕೊಟ್ಟಿತು. ಇದನ್ನೇ ತೆಗೆದು ಅದಕ್ಕೆ ಹಾಕಿದ. ಬೋಟಿನಿಂದ ಬಿಚ್ಚಿದ್ದನ್ನೂ ಕಾರಿಗೆ ಹಾಕಿದ್ದನ್ನೂ ಮರೆತ.

ಮೇ ತಿಂಗಳಲ್ಲಿ ಇಬ್ಬರೂ ಉತ್ಸಾಹದಿಂದ ಬೋಟು ಹತ್ತಿದೆವು. ಕೀ ತಿರುಗಿಸಿದರೆ ಟಿಕ್ ಅಂತ ಕೂಡ ಸದ್ದಿಲ್ಲ. ಮುಚ್ಚಳ ತೆಗೆದು ನೋಡಿದರೆ ಬ್ಯಾಟರಿಯ ಜಾಗ ಖಾಲಿ. ಅದು ಅವನ ಹೆಂಡತಿಯ ಜೊತೆ ಜ್ಯಾಕ್ಸನ್ ಹೈಟ್ಸ್‌ಗೆ ಸೀರೆ ತರಲು ಹೋಗಿತ್ತು.

ಸಂಜೆ ಆಕೆ ಖುಷಿಯಾಗಿ ಹೇಳಿದರು: "ತುಂಬಾ ಒಳ್ಳೇ ಬ್ಯಾಟರಿ ರೀ. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು."

೩. ಮಂಗಳಕಾರ್ಯ

ಬ್ಯಾಟರಿ ಮರಳಿ ಬೋಟು ಸೇರಿತು. ಇನ್ನು ಪಾಯಿಂಟುಗಳ ನಡುವಿನ ಸಂದು ಸರಿಮಾಡಬೇಕು. ಸಂದು ಅಳೆಯುವ ತೆಳು ಪಟ್ಟಿ ಸಿಗಲಿಲ್ಲ. ಮೈಸೂರಿನಲ್ಲಿ ಸ್ಕೂಟರ್ ಮೆಕ್ಯಾನಿಕ್ಕುಗಳು ರಟ್ಟಿನ ಚೂರು ತೂರಿಸುತ್ತಿದ್ದದ್ದು ಗೆಳೆಯನಿಗೆ ನೆನಪಾಯಿತು. ಕಾರಿನಲ್ಲಿ ಅವನ ಕಸಿನ್ ಮದುವೆಯ ಲಗ್ನಪತ್ರಿಕೆ ಇತ್ತು, ಒಳ್ಳೇ ದಪ್ಪ ಕಾಗದ. ಅದರ ಮೂಲೆಯನ್ನು ತೂರಿಸಿ ಸಂದು ಹೊಂದಿಸಿದ.

ಕಿಡಿಯೇ ಇಲ್ಲ. ಪ್ಲಗ್ ಬದಲಿಸಿದ, ಕಂಡೆನ್ಸರ್ ಬದಲಿಸಿದ, ನನ್ನ ಮೇಲೆ ರೇಗಿದ. ಕೊನೆಗೆ ಅವನ ಬೆರಳು ಹಳದಿಯಾಗಿದ್ದು ನನ್ನ ಕಣ್ಣಿಗೆ ಬಿತ್ತು. ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ್ದ ಅರಿಶಿನವೆಲ್ಲ ಪಾಯಿಂಟಿಗೆ ಮೆತ್ತಿಕೊಂಡು ಕರೆಂಟನ್ನೇ ತಡೆದಿತ್ತು. ಒರೆಸಿದ್ದೇ ತಡ, ಎಂಜಿನ್ ಗುಡುಗಿತು.

ಸುದ್ದಿ ಕೇಳಿದ ಹೆಂಡತಿ ಅಂದರು: "ಅರಿಶಿನ ಹಚ್ಚಿದ್ರೆ ಮುನಿಸಿಕೊಳ್ಳೋ ವಸ್ತು ಇದೊಂದೇ ಇರ್ಬೇಕು."

೪. ಪರೀಕ್ಷೆ

ಬೇಸಿಗೆಯ ಕೊನೆಗೆ ಆ ದಿನವೂ ಬಂತು. ಗಂಡ, ಹೆಂಡತಿ, ಸಾಕ್ಷಿಗೆ ನಾನು. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗೆಳೆಯನ ಮುಖ ನೋಡಿ ನನಗೇ ಕಣ್ಣು ತುಂಬಿ ಬಂತು.

ದಡದಿಂದ ದೂರ ಹೋಗಿ ಎಂಜಿನ್ ನಿಲ್ಲಿಸಿ ಲಂಗರು ಹಾಕಿದೆವು. ಆಕೆಗೆ ಊಟದ ಜೊತೆ ಹಾಡು ಬೇಕಿತ್ತು. ಟೇಪ್ ರೆಕಾರ್ಡರ್‌ಗೂ ಇಗ್ನಿಷನ್‌ಗೂ ಕೀ ಒಂದೇ. ಗೆಳೆಯ ಕೀ ಆನ್ ಮಾಡಿದ. ಹಾಡು ಕೇಳುತ್ತಾ ಚಿತ್ರಾನ್ನ, ಚಪಾತಿ ಎಲ್ಲ ಖಾಲಿ ಮಾಡಿದೆವು. ಅತ್ತ ಕಾಯಿಲ್ ಕೂಡ ಸದ್ದಿಲ್ಲದೆ ಕರೆಂಟು ತಿನ್ನುತ್ತಿತ್ತು. ಟೇಪು ನಿಧಾನವಾಗಿ ಹಾಡುವಾಕೆಯ ದನಿ ಗಂಡಸಿನ ದನಿಯಾದಾಗಲೇ ನಮಗೆ ಎಚ್ಚರ. ಬ್ಯಾಟರಿ ಪೂರ್ತಿ ಕೂತಿತ್ತು.

ಗೆಳೆಯ ತಲೆ ಮೇಲೆ ಕೈ ಹೊತ್ತು ಕೂತ. ಸಹಾಯಕ್ಕೆ ಕಾಯುತ್ತಾ ಬೇಜಾರಾಗಿ, ಆತನ ಹೆಂಡತಿ ಬೋಟಿನ ಜೊತೆ ಬಂದಿದ್ದ ಗಾಳಕ್ಕೆ ಚಪಾತಿ ಚೂರು ಸಿಕ್ಕಿಸಿ ನೀರಿಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಅಂಗೈಗಿಂತ ದೊಡ್ಡ ಮೀನೊಂದು ಬಂತು. ಗಾಬರಿಯಲ್ಲಿ ಬಿಡಿಸಿ, "ಹೋಗಮ್ಮಾ, ಮನೇಲಿ ಮಕ್ಕಳು ಕಾಯ್ತಿರ್ತವೆ" ಅಂತ ನೀರಿಗೆ ಬಿಟ್ಟರು. ಮತ್ತೆ ಚಪಾತಿ ಚೂರು ಸಿಕ್ಕಿಸಿದರು. ಮತ್ತೊಂದು ಬಂತು. ಅದನ್ನೂ ಬುದ್ಧಿ ಹೇಳಿ ಕಳಿಸಿದರು.

ಕೊನೆಗೆ ಯಾರೋ ಪುಣ್ಯಾತ್ಮ ತನ್ನ ಬೋಟಿಗೆ ನಮ್ಮದನ್ನು ಕಟ್ಟಿ ದಡಕ್ಕೆ ಎಳೆದು ತಂದ. ಗೆಳೆಯ ಸೋತ ದನಿಯಲ್ಲಿ, "ಆಯ್ತು, ಪೇಪರ್‌ನಲ್ಲಿ ಜಾಹೀರಾತು ಕೊಡ್ತೀನಿ. ಬೋಟು ಮಾರಿಬಿಡೋಣ" ಅಂದ.

ಆಕೆ ಗಾಳವನ್ನು ಎದೆಗವಚಿಕೊಂಡರು. "ಬೋಟು ಯಾಕ್ರೀ ಮಾರ್ತೀರಾ? ಎಂಜಿನ್ ಮಾರಿ. ಸುಮ್ನೆ ಸದ್ದು ಮಾಡಿ ಮೀನನ್ನ ಓಡಿಸುತ್ತೆ."