ಉರಿ ಜಗ್ಗುವ ವಿದ್ಯೆ

ನನ್ನ ಹೆಂಡತಿ ಶೈಲಾ ಹುಟ್ಟಾ ನಿದ್ದೆಬುರುಕಿ ಎಂದು ಮದುವೆಯಾದಾಗಿನಿಂದ ನಂಬಿದ್ದೆ. ನಮ್ಮ ದಾಂಪತ್ಯದ ಮಹತ್ಕಾರ್ಯ ಮುಗಿಯುವಷ್ಟರಲ್ಲಿ (ಅದು ಬಲುಬೇಗ ಮುಗಿಯುತ್ತಿತ್ತು) ಅವಳು ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದಳು. ತೃಪ್ತಿಯ ಗೊರಕೆ ಎಂದುಕೊಂಡು ನಾನೂ ಮಲಗುತ್ತಿದ್ದೆ.

ಈ ಸಲ ಕಬ್ಬಿನ ಹಂಗಾಮು ಶುರುವಾದಾಗ ಅವಳು ಹಾಸಿಗೆ ಸುತ್ತಿಕೊಂಡು ನಿಂತಳು. "ಮಗಳು ಗಂಡನ ಮನಿಗೆ ಹೋಗ್ಯಾಳ, ಆಕಿ ಖೋಲಿ ಖಾಲಿ ಐತಿ. ಇನ್ನ ಮ್ಯಾಲೆ ನಾ ಅಲ್ಲೇ ಮಲಗತೀನಿ."

"ಯಾಕ? ನಾ ಏನ್ ಮಾಡೇನಿ?"

"ಏನೂ ಮಾಡಿಲ್ಲ. ಅದಕ್ಕ ಹೊಂಟೇನಿ."

ಹೊಸ್ತಿಲಲ್ಲೇ ತಡೆದೆ. ಒಂದು ಷರತ್ತಿನ ಮೇಲೆ ಹಾಸಿಗೆ ಬಿಚ್ಚಿದಳು: ಇಬ್ಬರೂ ಚಿಕ್ಕೋಡಿಯ ಡಾಕ್ಟರ್ ತ್ರಿಶಲಾ ಅವರ ಹತ್ತಿರ ಹೋಗಬೇಕು. ಗಂಡಹೆಂಡಿರ ಇಂಥ ಸಂಗತಿಗಳಿಗೇ ಮೀಸಲಾದ ಡಾಕ್ಟರು. ಆಕೆ ಅಡುಗೆ ಹೇಳಿಕೊಡುವಷ್ಟು ಸಲೀಸಾಗಿ ಹೇಳಿದರು.

"ತುದಿಗೆ ಬಂದೆ ಅನ್ನಿಸಿದ ಕೂಡಲೇ ನಿಲ್ಲಿಸ್ರಿ. ಉಸರ ತಗೋರಿ. ಇಳಿದ ಮ್ಯಾಲೆ ಮತ್ತ ಶುರು ಮಾಡ್ರಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ, ಬಾಯಿಬಿಟ್ಟ ಹೇಳ್ರಿ. ಆಕಿಗೆ ಏನ್ ಬೇಕು, ಅದನ್ನೂ ಕೇಳ್ರಿ."

ನನಗೆ ನಗು ಬಂತು. ರಾಯಬಾಗದ ಹತ್ತಿರ ಬೆಲ್ಲದ ಗಾಣ ನಡೆಸುವವನಿಗೆ ಇದನ್ನು ಕಲಿಸಬೇಕೆ? ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ಅಂಚಿಗೆ ಬಂದಾಗ ಉರಿ ಜಗ್ಗಬೇಕು, ಅಂದರೆ ಒಲೆಯ ಬೆಂಕಿಯನ್ನು ಹೊರಗೆಳೆಯಬೇಕು. ನೊರೆ ಇಳಿದ ಮೇಲೆ ಮತ್ತೆ ಹಾಕಬೇಕು. ಅವಸರಪಟ್ಟವನಿಗೆ ಬೆಲ್ಲವಿಲ್ಲ. ಪಾಕಶಾಸ್ತ್ರ ಪಾರಂಗತನಾದ ನಾನು ನಮ್ಮ ಸಂಕೇತವಾಕ್ಯವನ್ನೂ ಅಲ್ಲಿಂದಲೇ ಎತ್ತಿದೆ: ಉರಿ ಜಗ್ಗು.

"ನಿಲ್ಲು ಅಂದ್ರ ಸಾಕಲ್ರಿ," ಎಂದಳು ಶೈಲಾ.

"ಬಾಯಿಗೆ ರೂಢಿ ಬಿದ್ದ ಮಾತು ಬೇ. ಟೈಮಿಗೆ ಅದ ಬರತೈತಿ."

ಹಂಗಾಮಿನಲ್ಲಿ ಗಾಣ ಹಗಲೂ ರಾತ್ರಿ ನಡೆಯುತ್ತದೆ, ರಾತ್ರಿ ಪಾಳಿ ನನ್ನದು; ಹೀಗಾಗಿ ಪ್ರಯೋಗಕ್ಕೆ ಮಧ್ಯಾಹ್ನದ ಮುಹೂರ್ತ. ಯಂತ್ರದ ಗದ್ದಲದಲ್ಲಿ ಕೂಗಿ ಕೂಗಿ ನನ್ನ ಗಂಟಲು ಮೆಲ್ಲಗೆ ಮಾತಾಡುವುದನ್ನು ಮರೆತಿದೆ. ಮಲಗುವ ಕೋಣೆಯ ಕಿಟಕಿ ಗಾಣದ ಕಡೆಗೇ ಇದೆ. ತೆರೆದೂ ಇತ್ತು (ಸೆಕೆ ನೋಡಿ). "ಉರಿ ಜಗ್ಗ್" ಎಂದೆ. ನಿಂತೆವು. ಉಸಿರಾಡಿದೆವು. ಅವಳಿಗೇನು ಬೇಕೆಂದು ಕೇಳಿದೆ, ಹೇಳಿದಳು, ಹಾಗೇ ಮಾಡಿದೆ. "ಈಗ ಹಾಕ್ ಉರಿ" ಎಂದೆ. ಮತ್ತೆ ಜಗ್ಗಿಸಿದೆ, ಮತ್ತೆ ಹಾಕಿಸಿದೆ. ಕೊನೆಗೆ ಶೈಲಾ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಉಗುರಿನ ಗುರುತನ್ನು ನಾನಿನ್ನೂ ಪದಕದಂತೆ ಕಾಪಾಡಿಕೊಂಡಿದ್ದೇನೆ. ಗೋಡೆಯ ಕಡೆ ಹೊರಳಲು ಅವಳಿಗೆ ನೆನಪೇ ಆಗಲಿಲ್ಲ.

ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಹೊರಗೆ ಬಂದೆ. ಪಾಕ ನೋಡಿಕೊಳ್ಳುವ ಮಾಳೇಶ ಕೊಪ್ಪರಿಗೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ.

"ಸಾವಕಾರ್ರ, ಒಳಗಿಂದ ಜಗ್ಗ್ ಅಂತೀರಿ, ಹಾಕ್ ಅಂತೀರಿ, ಮತ್ತ ಜಗ್ಗ್ ಅಂತೀರಿ. ನೀವ್ ಹೇಳಿದಂಗ ಮಾಡೇನ್ರಿ. ನೋಡ್ರಿ, ಪಾಕ ಹಾಳಾಗಿ ಹೋತು."

ಕೊಪ್ಪರಿಗೆ ತುಂಬ ಅಚ್ಚಿಗೆ ಕೂರದ ನೀರುಬೆಲ್ಲ. ನನ್ನ ಗಾಣದ ಧವಳ ಕೀರ್ತಿಗೆ ಮೊದಲ ಕಳಂಕ.

"ಅದು ಹೊಸಾ ಪದ್ಧತಿ ಮಾಳೇಶ," ಎಂದೆ.

"ಯಾರ್ ಹೇಳಿಕೊಟ್ರರಿ?"

"ಚಿಕ್ಕೋಡಿ ಡಾಕ್ಟರ್."

"ಡಾಕ್ಟರಿಗೆ ಬೆಲ್ಲದ್ದೇನ್ ಗೊತ್ತರಿ," ಎಂದು ಅವನು ಮುಖ ತಿರುಗಿಸಿದ.

ಬಾಗಿಲಲ್ಲಿ ಶೈಲಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಇರಲಿ ಬಿಡೋ ಮಾಳೇಶ. ಬಾಟ್ಲಿಗೆ ತುಂಬು, ಓಣಿಗೆಲ್ಲ ಹಂಚೂಣು. ಉಳದದ್ದು ಮಗಳ ಖೋಲ್ಯಾಗ ಇಡು. ಅದು ಇನ್ನ ಖಾಲೀನ ಇರತೈತಿ."

ಅಷ್ಟು ಕೇಳಿದ ಮೇಲೆ ನನ್ನ ಎದೆ ಅಂಗಿಯಲ್ಲಿ ಹಿಡಿಸಲಿಲ್ಲ. ಗೆದ್ದವನು ಸುಮ್ಮನಿರಬೇಕಿತ್ತು. ಅವಳನ್ನು ಒಳಗೆ ಕರೆದು ಕೇಳಿಯೇಬಿಟ್ಟೆ.

"ಖರೇ ಹೇಳು. ಇಷ್ಟ ವರ್ಸನೂ ಛಲೋನ ಇತ್ತಲ್ಲ?"

"ಇಲ್ಲ," ಎಂದಳು. "ಚಾ ಮಾಡಿ ತರ್ರಿ."